ಒಂದು ಸೀರೆಗೆ ನಾಲ್ಕು ಪ್ರಶ್ನೆ: ಎಂಟನೆಯ ತರಗತಿಯಲ್ಲಿ ಜವಳಿ, ನಾವೀನ್ಯ ಮತ್ತು ಸುಸ್ಥಿರತೆಯ ಪಾಠ

ಹಿನ್ನೆಲೆ

ಬೋಧನಾಭ್ಯಾಸಕ್ಕಾಗಿ ನನಗೆ ಸಿಕ್ಕಿದ್ದು ಬಾಗಲಕೋಟೆ ಜಿಲ್ಲೆಯ ನೇಕಾರರ ಊರೊಂದರ ಸರ್ಕಾರಿ ಶಾಲೆ. ಎಂಟನೆಯ ತರಗತಿಯ ವಿಜ್ಞಾನದಲ್ಲಿ ‘ಸಂಶ್ಲೇಷಿತ ಎಳೆಗಳು ಮತ್ತು ಪ್ಲಾಸ್ಟಿಕ್‌ಗಳು’ ಘಟಕ ನಡೆಯುತ್ತಿತ್ತು. ಮೊದಲ ದಿನದ ನನ್ನ ಪಾಠಯೋಜನೆ ನೋಡಲು ಅಚ್ಚುಕಟ್ಟಾಗಿತ್ತು. ಕಪ್ಪುಹಲಗೆಯ ನಡುವೆ ಗೆರೆ ಎಳೆದು ಎಡಗಡೆ ‘ನೈಸರ್ಗಿಕ ಎಳೆ: ಪರಿಸರಸ್ನೇಹಿ’, ಬಲಗಡೆ ‘ಕೃತಕ ಎಳೆ: ಪರಿಸರಕ್ಕೆ ಹಾನಿ’ ಎಂದು ಬರೆದೆ. ಎಲ್ಲರೂ ಬರೆದುಕೊಂಡರು. ‘ನಾವು ಯಾವ ಬಟ್ಟೆ ಬಳಸಬೇಕು?’ ಎಂದೆ. ‘ಹತ್ತಿ ಬಟ್ಟೆ’ ಎಂದು ತರಗತಿ ಒಂದೇ ದನಿಯಲ್ಲಿ ಹೇಳಿತು. ಪಾಠ ಗೆದ್ದಿತು ಎಂದುಕೊಂಡೆ.

ಆಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸರ್, ನಮ್ಮನ್ಯಾಗ ಚಮಕಾ ಸೀರೀನ ನೇಯ್ತಾರ್ರೀ. ಹಂಗಾದ್ರ ನಮ್ಮಪ್ಪ ಮಾಡೂದು ತಪ್ಪೇನ್ರೀ?’

ಚಮಕಾ ಎಂದರೆ ಈ ಭಾಗದ ನೇಕಾರರು ಕೃತಕ ರೇಷ್ಮೆಗೆ ಇಟ್ಟ ಹೆಸರು. ನನ್ನ ಬಳಿ ಉತ್ತರವಿರಲಿಲ್ಲ. ‘ತಪ್ಪಲ್ಲವ್ವ, ಆದರ...’ ಎಂದು ಆರಂಭಿಸಿ ಮುಂದೆ ಮಾತು ಸಿಗದೆ ನಿಂತೆ. ಆ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳು ಮಗ್ಗದ ಮನೆಯವರು. ಅವರ ಅನ್ನದ ಕಸುಬನ್ನು ನಾನು ಹಲಗೆಯ ಬಲಗಡೆಗೆ ತಳ್ಳಿದ್ದೆ. ನಾನು ತೊಟ್ಟಿದ್ದ ಪ್ಯಾಂಟು ಕೂಡ ಪಾಲಿಯೆಸ್ಟರ್ ಬೆರೆತದ್ದೇ ಎಂಬುದು ಸಂಜೆ ಬಟ್ಟೆ ಬದಲಿಸುವಾಗ ಹೊಳೆಯಿತು.

ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ‘ತೀರ್ಪನ್ನು ಮೊದಲು ಕೊಟ್ಟಿರಿ, ವಿಚಾರಣೆ ನಡೆಯಲೇ ಇಲ್ಲ.’ ಅವರ ಅನುಮತಿ ಪಡೆದು ಅದೇ ವಿಷಯವನ್ನು ಅದೇ ತರಗತಿಗೆ ಎರಡು ಅವಧಿಗಳಲ್ಲಿ ಮತ್ತೆ ಕಲಿಸಿದೆ. ಆ ಮರುಪಾಠದ ವಿವರವನ್ನು ಸಹಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಕೊಟ್ಟಿದ್ದೇನೆ.

ಪಾಠಯೋಜನೆ

ತರಗತಿ: 8. ವಿಷಯ: ವಿಜ್ಞಾನ (ಸಮಾಜ ವಿಜ್ಞಾನ ಮತ್ತು ಗಣಿತದೊಂದಿಗೆ ಸಮನ್ವಯ). ಅವಧಿ: 40 ನಿಮಿಷಗಳ ಎರಡು ತರಗತಿ.

ಕಲಿಕಾ ಉದ್ದೇಶಗಳು: ವಿದ್ಯಾರ್ಥಿಯು,
1. ಹತ್ತಿ, ರೇಷ್ಮೆ, ರೇಯಾನ್, ಪಾಲಿಯೆಸ್ಟರ್ ಎಳೆಗಳನ್ನು ದಹನ ಪರೀಕ್ಷೆಯ ಫಲಿತಾಂಶ ನೋಡಿ ಗುರುತಿಸುವನು/ಳು.
2. ಒಂದು ಬಟ್ಟೆಯ ಜೀವನಚಕ್ರವನ್ನು ಕಚ್ಚಾವಸ್ತುವಿನಿಂದ ಕೊನೆಯವರೆಗೆ ವಿವರಿಸುವನು/ಳು.
3. ಹೊಸ ತಂತ್ರ ಯಾವ ಸಮಸ್ಯೆಯನ್ನು ಬಿಡಿಸುತ್ತದೆ, ಯಾವುದನ್ನು ಉಳಿಸುತ್ತದೆ ಎಂದು ವಿಶ್ಲೇಷಿಸುವನು/ಳು.
4. ತನ್ನ ಮನೆಯ, ಊರಿನ ಕಸುಬಿನಲ್ಲಿರುವ ಜಾಣ್ಮೆಯನ್ನು ಗುರುತಿಸಿ ಹೇಳುವನು/ಳು.

ಬೋಧನೋಪಕರಣಗಳು: ಹಳೆಯ ಕೌದಿ, ಇಳಕಲ್ ಸೀರೆಯ ಸೆರಗಿನ ತುಂಡು, ಕೈಮಸೂರ, ನಾಲ್ಕು ಬಗೆಯ ನೂಲು, ಹಳೆಯ ಸಮವಸ್ತ್ರದ ಒಂದೆರಡು ಎಳೆ, ಇಕ್ಕಳ, ಮರಳು ತುಂಬಿದ ತಟ್ಟೆ, ಒಂದು ಬಕೆಟ್ ನೀರು, ಮೇಣದಬತ್ತಿ, ರಟ್ಟು, ಬಿಳಿ ಮತ್ತು ಕೆಂಪು ದಪ್ಪ ನೂಲು.

ಹಂತ 1: ಪೀಠಿಕೆ (10 ನಿಮಿಷ)

ಮೇಜಿನ ಮೇಲೆ ಕೌದಿಯನ್ನು ಬಿಚ್ಚಿ ಹಾಸಿದೆ. ‘ಇದರೊಳಗೆ ಏನೇನಿದೆ, ಎಣಿಸಿ’ ಎಂದೆ. ಮಕ್ಕಳು ಸುತ್ತ ನೆರೆದರು. ಹಳೆಯ ಸೀರೆ, ಧೋತರ, ಕುಪ್ಪಸದ ಖಣ, ಅಂಗಿಯ ತೋಳು ಎಂದು ಒಬ್ಬೊಬ್ಬರು ಒಂದೊಂದನ್ನು ಗುರುತಿಸಿದರು. ‘ನಮ್ಮಜ್ಜಿ ಸೀರೀನೂ ಹಿಂಗ ಕೌದ್ಯಾಗ ಐತ್ರೀ’ ಎಂದ ಒಬ್ಬ ಹುಡುಗ.

‘ಈ ಬಟ್ಟೆಗಳು ಉಡುವುದಕ್ಕೆ ಬಾರದಾದ ಮೇಲೂ ಯಾಕೆ ಕಸಕ್ಕೆ ಹೋಗಲಿಲ್ಲ?’ ಎಂಬ ಪ್ರಶ್ನೆಯಿಂದ ಪಾಠವನ್ನು ಆರಂಭಿಸಿದೆ. ಹರಿದ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಸಾಲುಹೊಲಿಗೆ ಹಾಕಿ, ಚಳಿಗೆ ಹೊದಿಕೆ ಮಾಡಿದವರು ಯಾವ ಪದವಿಯನ್ನೂ ಪಡೆದವರಲ್ಲ. ಬಟ್ಟೆಗೆ ಎರಡನೆಯ ಜೀವ ಕೊಡುವ ಈ ಕೆಲಸವನ್ನು ಇಂದಿನ ಫ್ಯಾಷನ್ ಸಂಸ್ಥೆಗಳಲ್ಲಿ ಹೊಸ ವಿಷಯವಾಗಿ ಕಲಿಸುತ್ತಾರೆ ಎಂದಾಗ ಮಕ್ಕಳಿಗೆ ನಗು ಬಂತು.

ಹಂತ 2: ಅನ್ವೇಷಣೆ (30 ನಿಮಿಷ)

ಚಟುವಟಿಕೆ ಅ: ದಹನ ಪರೀಕ್ಷೆ. ಇದನ್ನು ಶಿಕ್ಷಕರೇ ಮಾಡಬೇಕು. ಕಿಟಕಿ, ಬಾಗಿಲು ತೆರೆದಿರಬೇಕು. ಬಟ್ಟೆಯ ತುಂಡನ್ನಲ್ಲ, ಒಂದೆರಡು ಎಳೆಗಳನ್ನು ಮಾತ್ರ ಇಕ್ಕಳದಲ್ಲಿ ಹಿಡಿದು ಮರಳಿನ ತಟ್ಟೆಯ ಮೇಲೆ ಸುಡಬೇಕು. ಮಕ್ಕಳು ಮೊದಲು ಊಹೆಯನ್ನು ಬರೆದು, ಆಮೇಲೆ ಫಲಿತಾಂಶವನ್ನು ಬರೆಯಬೇಕು.

ಹತ್ತಿಯ ಎಳೆ ಬೇಗ ಹೊತ್ತಿ ಉರಿಯಿತು. ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ರೇಷ್ಮೆ ನಿಧಾನವಾಗಿ ಸುಟ್ಟಿತು. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕರಿ. ಪಾಲಿಯೆಸ್ಟರ್ ಮುದುಡಿ ಕರಗಿತು. ಆರಿದ ಮೇಲೆ ಗಟ್ಟಿ ಮಣಿಯಾಯಿತು. ಸಮವಸ್ತ್ರದ ಎಳೆ ಉರಿಯಿತು, ತುದಿಯಲ್ಲಿ ಗಟ್ಟಿಯೂ ಆಯಿತು; ಅದು ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ನೂಲು. ‘ಹಂಗಾರ ನಾವೂ ಪ್ಲಾಸ್ಟಿಕ್ ಹಾಕ್ಕೊಂಡೀವಿ’ ಎಂದು ಮುಂದಿನ ಸಾಲಿನಿಂದ ಮಾತು ಬಂತು. ನನ್ನ ಪ್ಯಾಂಟಿನ ವಿಷಯವನ್ನು ನಾನೂ ಒಪ್ಪಿಕೊಂಡೆ.

ಕೊನೆಗೆ ಚಮಕಾ. ಹೊಳೆಯುವ ನೂಲು ಕರಗಿ ಮಣಿಯಾಗುತ್ತದೆ ಎಂದು ಬಹುಪಾಲು ಮಕ್ಕಳು ಊಹಿಸಿದ್ದರು. ಅದು ಹತ್ತಿಯ ಹಾಗೆಯೇ ಉರಿಯಿತು. ‘ಸರ್, ಕಾಗದ ಸುಟ್ಟಂಗ ವಾಸನಿ ಬರಾಕತ್ತೈತ್ರೀ!’ ನಾವು ತಂದಿದ್ದ ಚಮಕಾ ರೇಯಾನ್ ನೂಲಾಗಿತ್ತು. ರೇಯಾನ್ ಮರದ ತಿರುಳಿನಿಂದ ಬಂದ ಸೆಲ್ಯುಲೋಸ್, ಹತ್ತಿಯೂ ಸೆಲ್ಯುಲೋಸೇ. ಮೊದಲ ದಿನ ನಾನು ಹಲಗೆಯ ಮೇಲೆ ಎಳೆದ ನಡುಗೆರೆ ಇಲ್ಲಿ ಅಳಿಸಿಹೋಯಿತು. ಸಸ್ಯದಿಂದ ಬಂದರೂ ಕಾರ್ಖಾನೆಯಲ್ಲಿ ರಾಸಾಯನಿಕದ ನೆರವಿನಿಂದ ಎಳೆಯಾದ ಇದನ್ನು ಯಾವ ಕಡೆ ಬರೆಯುವುದು?

ಚಟುವಟಿಕೆ ಆ: ಕೊಂಡಿಯನ್ನು ನೋಡುವುದು. ಪ್ರಶ್ನೆ ಕೇಳಿದ ಹುಡುಗಿಯ ತಂದೆಯನ್ನು ಮುಖ್ಯಗುರುಗಳ ಮೂಲಕ ಶಾಲೆಗೆ ಆಹ್ವಾನಿಸಿದ್ದೆವು. ಇಳಕಲ್ ಸೀರೆಯ ಮೈಗೂ ಸೆರಗಿಗೂ ಬೇರೆ ಬೇರೆ ಹಾಸು ಇರುತ್ತದೆ. ಸಾಂಪ್ರದಾಯಿಕ ಸೀರೆಯಲ್ಲಿ ಮೈಯ ಹಾಸು ಹತ್ತಿಯದು, ಸೆರಗಿನದು ಕೆಂಪು ರೇಷ್ಮೆಯದು. ಎರಡು ಹಾಸುಗಳ ಎಳೆಗಳನ್ನು ಕುಣಿಕೆಯೊಳಗೆ ಕುಣಿಕೆ ಹಾಕಿ ಕೂಡಿಸುವುದೇ ಕೊಂಡಿ. ನಾನು ರಟ್ಟಿನ ಮೇಲೆ ಬಿಳಿ, ಕೆಂಪು ನೂಲಿಗೆ ಗಂಟು ಹಾಕಿ ಮಾದರಿ ಮಾಡಿಕೊಂಡು ಹೋಗಿದ್ದೆ. ಅವರು ಅದನ್ನು ನೋಡಿ ನಕ್ಕು, ‘ಗಂಟ ಹಾಕಿದ್ರ ಉಬ್ಬಿ ಕಾಣಸ್ತೈತ್ರಿ ಸರ್’ ಎಂದು ಗಂಟನ್ನೆಲ್ಲ ಬಿಚ್ಚಿ, ಕುಣಿಕೆ ಹಾಕುವುದನ್ನು ತೋರಿಸಿದರು. ಮಕ್ಕಳು ಗುಂಪುಗಳಲ್ಲಿ ತಾವೂ ಮಾಡಿದರು. ಮಗಳು ಎಲ್ಲ ಗುಂಪುಗಳಿಗೂ ಓಡಾಡಿ ತಿದ್ದಿದಳು.

ಆಮೇಲೆ ಒಂದು ಲೆಕ್ಕ. ಆರು ಗಜದ ಸೀರೆಯಲ್ಲಿ ಸೆರಗು ಒಂದು ಗಜ ಎಂದು ಇಟ್ಟುಕೊಳ್ಳೋಣ. ಸೆರಗು ರೇಷ್ಮೆಯದಾಗಬೇಕೆಂದು ಹಾಸನ್ನು ಉದ್ದಕ್ಕೂ ರೇಷ್ಮೆಯಲ್ಲೇ ಹಾಕಿದರೆ ಆರು ಗಜದ ರೇಷ್ಮೆ ಹಾಸು ಬೇಕು. ಕೊಂಡಿ ಹಾಕಿದರೆ ಸೆರಗಿನ ಭಾಗಕ್ಕೆ ಒಂದೇ ಗಜ ಸಾಕು. ಆರರಲ್ಲಿ ಐದು ಪಾಲು ಉಳಿತಾಯ. ದುಬಾರಿ ವಸ್ತುವನ್ನು ಕಾಣುವ ಕಡೆ ಮಾತ್ರ ಬಳಸುವ ಉಪಾಯ ಇದು. ಇದಕ್ಕೆ ತೆರುವ ಬೆಲೆ ಕೈಯ ಕೆಲಸ: ಪ್ರತಿ ಸೀರೆಗೂ ನೂರಾರು ಎಳೆಗಳನ್ನು ಹೊಸದಾಗಿ ಕೂಡಿಸಬೇಕು. ನಾವೀನ್ಯ ಎಂದರೆ ಯಂತ್ರವೇ ಆಗಬೇಕಿಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಕಾಗಲಿಲ್ಲ.

ಹಂತ 3: ವಿವರಣೆ (20 ನಿಮಿಷ)

ಎರಡನೆಯ ಅವಧಿಯನ್ನು ನಾಲ್ಕು ಪ್ರಶ್ನೆಗಳಿಂದ ಆರಂಭಿಸಿದೆ. ಯಾವ ಬಟ್ಟೆಯನ್ನಾದರೂ ಈ ನಾಲ್ಕರಿಂದ ಪರೀಕ್ಷಿಸಬಹುದು.

1. ಎಲ್ಲಿಂದ ಬಂತು?
2. ದಾರಿಯಲ್ಲಿ ಏನು ಖರ್ಚಾಯಿತು, ಏನು ಹೊರಬಿತ್ತು?
3. ಎಷ್ಟು ದಿನ ಬಾಳುತ್ತದೆ, ಕೊನೆಗೆ ಎಲ್ಲಿಗೆ ಹೋಗುತ್ತದೆ?
4. ಹೀಗೆಯೇ ಆಗಲಿ ಎಂದು ತೀರ್ಮಾನಿಸಿದವರು ಯಾರು?

ಮೊದಲು ಹತ್ತಿ. ಒಂದು ಹತ್ತಿ ಟಿ-ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜು ಪರಿಸರ ಸಂಘಟನೆಗಳ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ಸರಾಸರಿ. ಕಾಲುವೆ ನೀರಿನಲ್ಲಿ ಬೆಳೆದ ಹತ್ತಿಗೂ ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಮಳೆ ಮತ್ತು ಹಸಿಯ ಮೇಲೆ ಬೆಳೆಯುವ ಜಯಧರದಂಥ ದೇಸಿ ಹತ್ತಿಗೂ ಒಂದೇ ಲೆಕ್ಕ ಹಿಡಿಯಲಾಗದು. ‘ಹತ್ತಿ ಒಳ್ಳೆಯದು’ ಎಂಬ ಮಾತಿಗೆ ‘ಯಾವ ಹೊಲದ ಹತ್ತಿ?’ ಎಂಬ ಮರುಪ್ರಶ್ನೆ ಇದ್ದೇ ಇರುತ್ತದೆ.

ಎರಡನೆಯದು ಪಾಲಿಯೆಸ್ಟರ್. ಇದರ ಮೂಲ ಪೆಟ್ರೋಲಿಯಂ. ನೀರಿನ ಬಾಟಲಿ ಮಾಡುವ ವಸ್ತುವೂ ಒಂದು ಪಾಲಿಯೆಸ್ಟರೇ. ಗಟ್ಟಿ, ಅಗ್ಗ, ಬೇಗ ಒಣಗುತ್ತದೆ. ಬಡವರ ಮನೆಗೆ ಇವು ಸಣ್ಣ ಗುಣಗಳಲ್ಲ. ಆದರೆ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಚೂರು ಎಳೆಗಳು ನೀರಿಗೆ ಸೇರುತ್ತವೆ, ಮಣ್ಣಿನಲ್ಲಿ ಅವು ಸುಲಭವಾಗಿ ಕೊಳೆಯುವುದಿಲ್ಲ. ಹತ್ತಿಯೊಂದಿಗೆ ಬೆರೆತಾಗ ಮತ್ತೊಂದು ತೊಡಕು: ಎರಡನ್ನೂ ಬೇರ್ಪಡಿಸಿ ಮರುಬಳಕೆ ಮಾಡುವುದು ಕಷ್ಟ.

ಮೂರನೆಯದು ರೇಯಾನ್. ಮರದ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ಗಳಿಂದ ಸಂಸ್ಕರಿಸಿ, ಸಣ್ಣ ರಂಧ್ರಗಳ ಮೂಲಕ ಆಮ್ಲದ್ರಾವಣಕ್ಕೆ ಹಾಯಿಸಿ ಎಳೆ ತೆಗೆಯುತ್ತಾರೆ. ಕಾರ್ಬನ್ ಡೈಸಲ್ಫೈಡ್ ಅಲ್ಲಿ ದುಡಿಯುವವರ ನರಮಂಡಲಕ್ಕೆ ಹಾನಿ ಮಾಡಬಲ್ಲ ವಸ್ತು. ಎಳೆಯೇನೋ ಮಣ್ಣಿನಲ್ಲಿ ಕೊಳೆಯುತ್ತದೆ. ಆದರೆ ಅದರ ಮೊದಲ ಪ್ರಶ್ನೆ, ‘ಮರ ಎಲ್ಲಿಯದು?’ ಎಂಬುದು, ನಮ್ಮ ರಾಜ್ಯದಲ್ಲೇ ಒಮ್ಮೆ ಚಳವಳಿಯಾಗಿದೆ. 1984ರಲ್ಲಿ ಸರ್ಕಾರವೂ ರೇಯಾನ್ ತಿರುಳು ತಯಾರಿಸುವ ಖಾಸಗಿ ಉದ್ಯಮವೂ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಹುಟ್ಟುಹಾಕಿದವು. ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆಸುವ ಯೋಜನೆ ಅದು. ದನ ಮೇಯುವ, ಸೌದೆ ಸಿಗುವ ಜಾಗ ಕೈತಪ್ಪುವುದನ್ನು ಕಂಡ ಹಳ್ಳಿಗರು 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿಗೆ ಸೇರಿರುವ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮರಗಳ ಸಸಿ ನೆಟ್ಟರು. ಇದೇ ಭೂಮಿಯ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. ಕೊನೆಗೆ ಆ ಕಂಪನಿ ಮುಚ್ಚಿತು.

‘ಒಂದು ಎಳೆಯ ಹಿಂದೆ ಇಷ್ಟೆಲ್ಲ ಐತೇನ್ರಿ?’ ಎಂದು ಒಬ್ಬ ಕೇಳಿದ. ಚಮಕಾ ಕಟ್ಟಿನ ಚೀಟಿಯನ್ನು ಓದಲು ಕೊಟ್ಟೆ. ಅದರಲ್ಲಿ ತೂಕವಿತ್ತು, ಬಣ್ಣದ ಸಂಖ್ಯೆಯಿತ್ತು. ಮರ ಯಾವ ಊರಿನದು ಎಂದು ಇರಲಿಲ್ಲ. ಮೊದಲ ಪ್ರಶ್ನೆಗೆ ಉತ್ತರವನ್ನು ಚೀಟಿಯ ಮೇಲೆ ಬರೆಸುವುದೇ ಒಂದು ಸುಧಾರಣೆ ಎಂದು ಮಕ್ಕಳೇ ಸೂಚಿಸಿದರು.

ಹೊಸ ತಂತ್ರದ ಉದಾಹರಣೆಯಾಗಿ ಲಯೋಸೆಲ್ ಎಳೆಯನ್ನು ಪರಿಚಯಿಸಿದೆ. ಇದೂ ಮರದ ತಿರುಳಿನದೇ. ಆದರೆ ಕಾರ್ಬನ್ ಡೈಸಲ್ಫೈಡ್ ಬೇಡ. ತಿರುಳನ್ನು ಕರಗಿಸುವ ದ್ರಾವಕವನ್ನು ಬಹುತೇಕ ಪೂರ್ತಿಯಾಗಿ ಹಿಂಪಡೆದು ಮತ್ತೆ ಬಳಸುತ್ತಾರೆ. ಎರಡನೆಯ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ಮೊದಲನೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಹಂತ 4: ವಿಸ್ತರಣೆ (10 ನಿಮಿಷ)

ನಾವು ತೊಡುವ ಬನಿಯನ್, ಟಿ-ಶರ್ಟುಗಳು ತಯಾರಾಗುವ ದೊಡ್ಡ ಕೇಂದ್ರ ತಮಿಳುನಾಡಿನ ತಿರುಪ್ಪೂರು. ಅಲ್ಲಿ ಬಣ್ಣ ಹಾಕುವ ಘಟಕಗಳ ಉಪ್ಪುಮಿಶ್ರಿತ ಕೊಳಚೆ ನೊಯ್ಯಲ್ ನದಿಗೆ ಸೇರಿ ಕೆಳಗಿನ ರೈತರ ನೆಲ, ಬಾವಿಗಳು ಕೆಟ್ಟವು. ರೈತರು ನ್ಯಾಯಾಲಯಕ್ಕೆ ಹೋದರು. ಒಂದು ಹನಿ ಕೊಳಚೆಯನ್ನೂ ಹೊರಬಿಡದ ವ್ಯವಸ್ಥೆ ಮಾಡಿಕೊಳ್ಳದ ಘಟಕಗಳನ್ನು ಮುಚ್ಚುವಂತೆ 2011ರಲ್ಲಿ ಮದ್ರಾಸ್ ಹೈಕೋರ್ಟು ಆದೇಶಿಸಿತು. ಕೊಳಚೆಯನ್ನು ಸೂಕ್ಷ್ಮ ಪೊರೆಗಳ ಮೂಲಕ ಶೋಧಿಸಿ, ಉಳಿದದ್ದನ್ನು ಕುದಿಸಿ ಆವಿಯಾಗಿಸಿ, ನೀರನ್ನೂ ಉಪ್ಪನ್ನೂ ಮರಳಿ ಪಡೆಯುವ ಸ್ಥಾವರಗಳು ಅಲ್ಲಿ ನೆಲೆಗೊಂಡವು.

ಗುಂಪು ಚರ್ಚೆಗೆ ಕೊಟ್ಟ ಪ್ರಶ್ನೆ: ‘ಈ ನಾವೀನ್ಯಕ್ಕೆ ಕಾರಣ ಯಾರು?’ ಒಂದು ಗುಂಪು ‘ಇಂಜಿನಿಯರರು’ ಎಂದಿತು, ಇನ್ನೊಂದು ‘ಕೋರ್ಟು’ ಎಂದಿತು, ಮೂರನೆಯದು ‘ದೂರು ಕೊಟ್ಟ ರೈತರು’ ಎಂದಿತು. ಮೂರೂ ಸರಿ ಎಂದು ಒಪ್ಪಿ, ಮತ್ತೊಂದು ಮಾತು ಸೇರಿಸಿದೆ: ಆ ಸ್ಥಾವರಗಳಿಗೆ ಬಹಳ ವಿದ್ಯುತ್ ಬೇಕು, ಕೊನೆಗೆ ಉಳಿಯುವ ಕೆಸರನ್ನೂ ಎಲ್ಲಾದರೂ ಇಡಬೇಕು. ಒಂದು ತೊಂದರೆ ಬಿಡಿಸಿದ ತಂತ್ರಕ್ಕೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ಹಂತ 5: ಮೌಲ್ಯಮಾಪನ (10 ನಿಮಿಷ)

ಬಾಯಿ ಪ್ರಶ್ನೆಗಳ ಜೊತೆಗೆ ಒಂದು ಲೆಕ್ಕ ಕೊಟ್ಟೆ. 2,700 ಲೀಟರಿನ ಅಂದಾಜನ್ನೇ ಹಿಡಿದು, ಅಂಗಿಯನ್ನು 30 ಸಲ ತೊಟ್ಟು ಎಸೆದರೆ ಒಂದು ಸಲಕ್ಕೆ ಎಷ್ಟು ನೀರು? 90 ಲೀಟರ್. 150 ಸಲ ತೊಟ್ಟರೆ? 18 ಲೀಟರ್. ಬಟ್ಟೆ ಅದೇ, ನೀರು ಅದೇ. ಬದಲಾದದ್ದು ತೊಟ್ಟ ದಿನಗಳು. ‘ಹಂಗಾರ ಅಣ್ಣನ ಅಂಗಿ ತಮ್ಮ ಹಾಕ್ಕೊಂಡ್ರ ಛಲೋ ಅಲ್ರಿ’ ಎಂದ ಒಬ್ಬ. ತನ್ನ ಅಣ್ಣನ ಅಂಗಿಯನ್ನೇ ತೊಟ್ಟಿದ್ದ ಅವನು ಅದನ್ನು ತಲೆ ಎತ್ತಿ ಹೇಳಿದ.

ನಾಲ್ಕನೆಯ ಪ್ರಶ್ನೆಗೆ ಉತ್ತರ ಆ ಹುಡುಗಿಯಿಂದಲೇ ಬಂತು. ‘ನೂಲು ಸಾವ್ಕಾರ್ರು ಕೊಡ್ತಾರ್ರೀ. ಅವ್ರು ಕೊಟ್ಟದ್ದನ್ನ ನೇಯಬೇಕ್ರೀ. ರೇಷ್ಮಿ ಕೊಟ್ರ ನಮ್ಮಪ್ಪ ರೇಷ್ಮಿನೂ ನೇಯ್ತಾನ್ರೀ.’ ಅವಳ ಮೊದಲ ದಿನದ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇದೇ. ನೂಲನ್ನು ಆರಿಸುವವನು ನೇಕಾರನಲ್ಲ. ಮಜೂರಿಗೆ ನೇಯುವವನ ಕೈಯಲ್ಲಿ ಕೌಶಲವಿದೆ, ಆಯ್ಕೆ ಇಲ್ಲ. ಆಯ್ಕೆ ಇರುವುದು ನೂಲು ಕೊಡುವವರಲ್ಲಿ, ಅಗ್ಗದ ಸೀರೆಯನ್ನೇ ಕೇಳುವ ಪೇಟೆಯಲ್ಲಿ, ಕೊಳ್ಳುವ ನಮ್ಮಲ್ಲಿ. ಹೊಣೆಯೂ ಅದೇ ಪ್ರಮಾಣದಲ್ಲಿ ಹಂಚಿಕೆಯಾಗಬೇಕು.

ಕಪ್ಪುಹಲಗೆ ಸಾರಾಂಶ

ಎಳೆಯ ಹೆಸರಷ್ಟನ್ನೇ ನೋಡಿ ಬಟ್ಟೆಯ ಒಳಿತು ಕೆಡುಕು ಹೇಳಲಾಗದು. — ರೇಯಾನ್: ಮೂಲ ಮರ, ತಯಾರಿ ರಾಸಾಯನಿಕ. — ಕೊಂಡಿ: ರೇಷ್ಮೆಯ ಉಳಿತಾಯ. ಕೌದಿ: ಬಟ್ಟೆಯ ಎರಡನೆಯ ಜೀವ. — ತಿರುಪ್ಪೂರು: ಕೊಳಚೆಯಿಂದ ನೀರು, ಉಪ್ಪು ವಾಪಸು. — ಹೆಚ್ಚು ದಿನ ಬಳಸಿದಷ್ಟೂ ಒಂದು ದಿನದ ಪಾಲಿನ ಹಾನಿ ಕಡಿಮೆ.

ಗೃಹಕಾರ್ಯ

ಮನೆಯ ಯಾವುದಾದರೂ ಒಂದು ಬಟ್ಟೆಯನ್ನು ಆರಿಸಿ, ಹಿರಿಯರನ್ನು ಕೇಳಿ, ನಾಲ್ಕು ಪ್ರಶ್ನೆಗಳಿಗೆ ಒಂದು ಪುಟದಲ್ಲಿ ಉತ್ತರ ಬರೆಯಿರಿ. ಉತ್ತರ ಸಿಗದ ಪ್ರಶ್ನೆಯ ಮುಂದೆ ‘ಯಾರನ್ನು ಕೇಳಬೇಕು?’ ಎಂಬುದನ್ನು ಬರೆಯಿರಿ. ಮನೆಯಲ್ಲಿ ದಹನ ಪರೀಕ್ಷೆ ಮಾಡಬಾರದು.

ಆತ್ಮಾವಲೋಕನ

ಮರುಪಾಠದಲ್ಲೂ ಕೊರತೆಗಳಿದ್ದವು. ಕೊಂಡಿಯ ಚಟುವಟಿಕೆಗೆ ನಿಗದಿಗಿಂತ ಹೆಚ್ಚು ಹೊತ್ತು ಹೋಗಿ ಬಣ್ಣಗಳ ವಿಷಯ ತಿರುಪ್ಪೂರಿನ ಉದಾಹರಣೆಯಲ್ಲೇ ಮುಗಿಯಿತು. ಎರಡರ ಬದಲು ಮೂರು ಅವಧಿ ಸಿಕ್ಕರೆ ಬಣ್ಣಕ್ಕೆ ಒಂದನ್ನು ಮೀಸಲಿಡುವುದು ಒಳಿತು. ಕುಸನೂರಿನ ಭಾಗವನ್ನು ನಾನೇ ಹೇಳಿದೆ. ಸಮಾಜ ವಿಜ್ಞಾನದ ಶಿಕ್ಷಕರೊಂದಿಗೆ ಸೇರಿ ನಕ್ಷೆಯ ಮೇಲೆ ಮಾಡಿಸಿದ್ದರೆ ಮಕ್ಕಳ ಪಾಲು ಹೆಚ್ಚುತ್ತಿತ್ತು.

ಇದೇ ಘಟಕವನ್ನು ಕಲಿಸುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸೂಚನೆ ಮೂರು. ಒಂದು, ಪಾಠಕ್ಕೆ ಮೊದಲು ತರಗತಿಯ ಮಕ್ಕಳ ಮನೆಯ ಕಸುಬು ಏನೆಂದು ತಿಳಿದುಕೊಳ್ಳಿ. ಎರಡು, ‘ಒಳ್ಳೆಯದು, ಕೆಟ್ಟದ್ದು’ ಎಂಬ ಎರಡು ಪಟ್ಟಿಗಳಿಂದ ಆರಂಭಿಸಬೇಡಿ, ಪ್ರಶ್ನೆಗಳಿಂದ ಆರಂಭಿಸಿ. ಮೂರು, ಊರಿನಲ್ಲಿ ಆ ಕೆಲಸ ಬಲ್ಲವರಿದ್ದರೆ ಅವರನ್ನು ಕರೆಯಿರಿ, ಅವರು ತಿದ್ದಿದರೆ ತಿದ್ದಿಸಿಕೊಳ್ಳಿ.

ಗೃಹಕಾರ್ಯದ ಪುಟಗಳನ್ನು ಮರುವಾರ ತಿದ್ದಿದೆ. ಆ ಹುಡುಗಿ ಬರೆದದ್ದು ಅಪ್ಪ ನೇಯ್ದ ಚಮಕಾ ಸೀರೆಯ ಬಗ್ಗೆ. ನಾಲ್ಕನೆಯ ಪ್ರಶ್ನೆಯ ಮುಂದೆ ‘ಸಾವ್ಕಾರರನ್ನು ಕೇಳಬೇಕು’ ಎಂದಿತ್ತು. ಮೊದಲನೆಯ ಪ್ರಶ್ನೆಯ ಮುಂದೆ ‘ನೂಲಿನ ಕಂಪನಿಗೆ ಪತ್ರ ಬರೆಯಬೇಕು’ ಎಂದಿತ್ತು. ಆ ಪತ್ರವನ್ನು ಇಡೀ ತರಗತಿ ಸೇರಿ ಬರೆದು, ಮುಖ್ಯಗುರುಗಳ ಸಹಿ ಪಡೆದು, ನನ್ನ ಬೋಧನಾಭ್ಯಾಸದ ಕೊನೆಯ ದಿನ ಅಂಚೆಗೆ ಹಾಕಿದೆವು.